ನೆಲ ಬಿಡದ ವಿಮಾನ



ನಮ್ಮ ಕಾವ್ಯಗಳಲ್ಲಿ ಸಾರಥಿಗಳಿಗೆ ಕೊರತೆಯಿಲ್ಲ. ಅರ್ಜುನನಿಗೆ ಕೃಷ್ಣ, ಕರ್ಣನಿಗೆ ಶಲ್ಯ, ಇಂದ್ರನಿಗೆ ಮಾತಲಿ. ಬಾಹುಕನೆಂಬ ಹೆಸರಿನಲ್ಲಿ ಅಡಗಿದ್ದ ನಳನು ಋತುಪರ್ಣನ ರಥವನ್ನು ಓಡಿಸಿದ ಕಥೆಯನ್ನು ಓದಿದವರಿಗೆ, ರಥ ನಡೆಸುವುದೊಂದು ವಿದ್ಯೆ, ಅದಕ್ಕೆ ಅಭ್ಯಾಸ ಬೇಕು, ಕೈ ಪಳಗಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಪುಷ್ಪಕವಿಮಾನಕ್ಕೆ ಸಾರಥಿಯಿಲ್ಲ. ಒಡೆಯನ ಮನಸ್ಸು ಎತ್ತ ಬಯಸಿತೋ ಅದು ಅತ್ತ ಹೊರಟಿತು, ಅಷ್ಟೆ. ಕವಿಗಳು ಕುದುರೆಯ ಕಡಿವಾಣವನ್ನು ಕಣ್ಣಾರೆ ಕಂಡಿದ್ದರು. ವಿಮಾನದ ಹಿಡಿಯನ್ನು ಕಂಡಿರಲಿಲ್ಲ. ಈ ಕೊರತೆಯನ್ನು ತುಂಬುವಂತೆ ತೋರುವ ‘ವೈಮಾನಿಕ ಶಾಸ್ತ್ರ’ವೆಂಬ ಗ್ರಂಥ ನಮ್ಮ ಆನೇಕಲ್ಲಿನಿಂದಲೇ ಹೊರಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ೧೯೭೪ರಲ್ಲಿ ಅದನ್ನು ಪರಿಶೀಲಿಸಿ, ಗ್ರಂಥವು ಇಪ್ಪತ್ತನೆಯ ಶತಮಾನದ್ದೆಂದೂ ಅದರಲ್ಲಿ ವರ್ಣಿತವಾದ ವಿಮಾನಗಳು ಹಾರಲಾರವೆಂದೂ ತೀರ್ಮಾನ ಕೊಟ್ಟರು.

ಹಾರುತ್ತದೆಂದು ಬರೆದ ವಿಮಾನ ಹಾರದಿರುವುದು ಒಂದು ಬಗೆ. ಹಾರದೆಂದು ತಿಳಿದೇ, ಹಾರಬೇಕೆಂಬ ಉದ್ದೇಶವೂ ಇಲ್ಲದೆ, ವಿಮಾನದ ಮೂತಿಯಷ್ಟನ್ನೇ ಮನೆಯೊಳಗೆ ಕಟ್ಟುವುದು ಇನ್ನೊಂದು ಬಗೆ. ಈ ಎರಡನೆಯ ಬಗೆಯ ಜನ ಈಗ ಲೋಕದ ನಾನಾ ದೇಶಗಳಲ್ಲಿದ್ದಾರೆ. ಚಾಲಕ ಕುಳಿತುಕೊಳ್ಳುವ ಕೋಣೆಯನ್ನು, ಅಂದರೆ ಕಾಕ್‌ಪಿಟ್ಟನ್ನು, ಹಲಗೆ ತಂತಿ ಗುಂಡಿಗಳಿಂದ ತಾವೇ ರಚಿಸಿ, ಅದನ್ನು ಗಣಕಯಂತ್ರಕ್ಕೆ ಜೋಡಿಸಿ, ಪರದೆಯ ಮೇಲೆ ಮೂಡುವ ಆಕಾಶದಲ್ಲಿ ಇವರು ಸಂಚರಿಸುತ್ತಾರೆ. ಇಂಥವರಲ್ಲೊಬ್ಬ ನನ್ನ ತಂಗಿಯ ಮಗ. ಅವನಿರುವುದು ಕಾಣಿಯೂರಿನಲ್ಲಿ.

ಕಾಣಿಯೂರೆಂದರೆ ಪುತ್ತೂರಿನಿಂದ ಸುಬ್ರಹ್ಮಣ್ಯದ ಕಡೆಗೆ ಹೋಗುವ ಹಾದಿಯಲ್ಲಿ ಸಿಗುವ ಊರು. ಉಡುಪಿಯ ಅಷ್ಟಮಠಗಳಲ್ಲಿ ಒಂದರ ಹೆಸರಿನಲ್ಲಿ ಕೂಡಿಕೊಂಡಿರುವ ಊರು. ಅಡಕೆ, ರಬ್ಬರು, ಕೊಕ್ಕೊ. ಮಂಗಳೂರು ಹಾಸನದ ನಡುವಣ ರೈಲುಹಾದಿಯ ಒಂದು ಸಣ್ಣ ನಿಲ್ದಾಣ. ವರ್ಷದಲ್ಲಿ ನಾಲ್ಕು ತಿಂಗಳು ಬಿಡದೆ ಸುರಿಯುವ ಮಳೆ. ವಿಮಾನವೆಂದರೆ ಅಲ್ಲಿಯವರಿಗೆ ತೋಟದ ಮೇಲೆ ಹಾದುಹೋಗುವ ಸದ್ದು. ಈ ಹುಡುಗನಿಗೆ ಚಿಕ್ಕಂದಿನಿಂದಲೂ ವಿಮಾನ ನಡೆಸುವ ಆಸೆ. ಪದವಿ ಮುಗಿಸಿ, ವೈದ್ಯಪರೀಕ್ಷೆಗೆ ಹೋದಾಗ ಬಣ್ಣ ಗುರುತಿಸುವ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಕೆಂಪನ್ನೂ ಹಸುರನ್ನೂ ಅವನ ಕಣ್ಣು ನಮ್ಮಂತೆ ಬೇರ್ಪಡಿಸುವುದಿಲ್ಲ. ಊರಿಗೆ ಮರಳಿ ಪಂಪುಸೆಟ್ಟು, ಬ್ಯಾಟರಿಗಳ ದುರಸ್ತಿಯ ಕೆಲಸ ಹಿಡಿದ. ಮೂರು ವರ್ಷಗಳ ಮೇಲೆ, ಅಡಕೆ ತುಂಬಿಡುತ್ತಿದ್ದ ಕೋಣೆಯ ಅರ್ಧಭಾಗದಲ್ಲಿ ಈ ವಿಮಾನದ ಮೂತಿ ಮೇಲೇಳತೊಡಗಿತು. ಮನೆಯಲ್ಲಿ ಇದಕ್ಕೆ ಸಮ್ಮತಿಯಿದ್ದವರು ಕಡಮೆ. “ಆಗದ್ದನ್ನು ಬಿಟ್ಟು ಆಗುವುದನ್ನು ನೋಡು” ಎಂಬುದು ಅವನ ತಂದೆಯ ಮಾತು. ಈ ಮಾತಿಗೆ ಉತ್ತರವುಂಟೆ ಎಂಬ ಪ್ರಶ್ನೆಯೇ ನನ್ನನ್ನು ಈ ವಿಷಯದತ್ತ ಎಳೆಯಿತು.

ನೆಲದ ಮೇಲೆ ಹಾರಾಟ ಕಲಿಸುವ ಯಂತ್ರದ ಕಥೆ, ಸಂಗೀತಪ್ರಿಯರು ಕೇಳಬೇಕಾದದ್ದು. ಅಮೆರಿಕದ ಬಿಂಗ್‌ಹ್ಯಾಮ್‌ಟನ್ ಎಂಬ ಊರಿನಲ್ಲಿ ಲಿಂಕ್ ಎಂಬವರ ಪಿಯಾನೊ ಮತ್ತು ಆರ್ಗನ್ ವಾದ್ಯಗಳ ಕಾರ್ಖಾನೆಯಿತ್ತು. ಆರ್ಗನ್ನಿಗೆ ಉಸಿರು ತಿದಿ, ನಮ್ಮ ಹಾರ್ಮೋನಿಯಮ್ಮಿನಲ್ಲಿರುವಂತೆಯೇ. ಆ ಮನೆಯ ಮಗ ಎಡ್ವಿನ್ ಲಿಂಕ್ ವಿಮಾನ ನಡೆಸುವುದನ್ನು ಕಲಿಯಹೊರಟು, ಪಾಠದ ವೆಚ್ಚಕ್ಕೆ ಬೇಸತ್ತು, ತಂದೆಯ ಕಾರ್ಖಾನೆಯ ತಿದಿಗಳನ್ನೇ ಮರದ ಪುಟ್ಟ ವಿಮಾನವೊಂದರ ಅಡಿಗೆ ಜೋಡಿಸಿದ. ಹಿಡಿಯನ್ನು ಎಳೆದರೆ ಒಂದು ತಿದಿ ಉಬ್ಬಿ ಇನ್ನೊಂದು ಕುಗ್ಗಿ ಪೆಟ್ಟಿಗೆ ವಾಲುತ್ತಿತ್ತು. ೧೯೨೯ರಲ್ಲಿ ಸಿದ್ಧವಾದ ಈ ಯಂತ್ರವನ್ನು ಜನ ಮೊದಲು ಜಾತ್ರೆಯ ಆಟಿಕೆಯೆಂದೇ ಕಂಡರು. ವಿನೋದದ ಉದ್ಯಾನಗಳಿಗೆ ಅದು ಮಾರಾಟವಾಯಿತು. ೧೯೩೪ರಲ್ಲಿ ಅಮೆರಿಕದ ಸೈನ್ಯಕ್ಕೆ ಅಂಚೆ ಒಯ್ಯುವ ಕೆಲಸ ಬಿತ್ತು. ಮಂಜು ಮೋಡಗಳಲ್ಲಿ ಉಪಕರಣ ನೋಡಿ ಹಾರುವುದನ್ನು ಅರಿಯದ ಚಾಲಕರು ಕೆಲವೇ ವಾರಗಳಲ್ಲಿ ಒಬ್ಬರ ಮೇಲೊಬ್ಬರಂತೆ ಮಡಿದರು. ಆಗ ಸೈನ್ಯ ಆ ಆಟಿಕೆಯತ್ತ ತಿರುಗಿ ನೋಡಿ, ಆರು ಯಂತ್ರಗಳನ್ನು ಕೊಂಡುಕೊಂಡಿತು. ಎರಡನೆಯ ಮಹಾಯುದ್ಧದಲ್ಲಿ ಈ ತಿದಿಯ ಪೆಟ್ಟಿಗೆಯೊಳಗೆ ಕುಳಿತು ಕಲಿತವರು ಲಕ್ಷಗಟ್ಟಲೆ.

ಮೋಡದೊಳಗೆ ನಡೆಯುವುದೇನು? ದಿಗಂತ ಕಾಣದಾಗ ನಮ್ಮ ಒಳಗಿವಿ ಸುಳ್ಳು ಹೇಳುತ್ತದೆ. ವಿಮಾನ ಮೆಲ್ಲಗೆ ಒಂದು ಪಕ್ಕಕ್ಕೆ ವಾಲಿ ತಿರುಗುತ್ತಲೇ ಇದ್ದರೆ, ಸ್ವಲ್ಪ ಹೊತ್ತಿನಲ್ಲಿ ಅದು ನೇರವಾಗಿಯೇ ಇದೆಯೆಂದು ಮೈಗೆ ಅನಿಸತೊಡಗುತ್ತದೆ. ಸರಿಪಡಿಸಿದರೆ ಇನ್ನೊಂದು ಪಕ್ಕಕ್ಕೆ ಬೀಳುತ್ತಿದ್ದೇವೆಂದು ದಿಗಿಲಾಗುತ್ತದೆ. ಇಂಥ ಹೊತ್ತಿನಲ್ಲಿ ಮೈಯ ಮಾತನ್ನು ಬಿಟ್ಟು ಮುಂದಿನ ಮುಳ್ಳುಗಳ ಮಾತನ್ನು ನಂಬಬೇಕು. ಇದು ಓದಿ ಬರುವ ವಿದ್ಯೆಯಲ್ಲ. ಕಣ್ಣನ್ನೂ ಕೈಯನ್ನೂ ಬಗ್ಗಿಸಿ ಬರುವ ವಿದ್ಯೆ.

ನಮ್ಮ ಬೆಂಗಳೂರಿನದೇ ಉದಾಹರಣೆ ಕೊಡಬಹುದು. ‘ತೇಜಸ್’ ಎಂಬ ಲಘು ಯುದ್ಧವಿಮಾನವನ್ನು ಉದ್ದೇಶಪೂರ್ವಕವಾಗಿಯೇ ಅಸ್ಥಿರವಾಗಿ ರೂಪಿಸಲಾಗಿದೆ. ಬಿಟ್ಟರೆ ಅದು ತಾನಾಗಿ ನೇರ ನಿಲ್ಲದು. ಗಣಕಯಂತ್ರಗಳು ಕ್ಷಣಕ್ಷಣಕ್ಕೂ ಅದನ್ನು ಹಿಡಿದು ನಿಲ್ಲಿಸುತ್ತವೆ. ಅಂಥ ವಿಮಾನವನ್ನು ಮೊದಲಬಾರಿಗೆ ಹಾರಿಸುವ ಸಾಹಸಿಗೆ, ಹಾರಿಸುವ ಮುನ್ನವೇ ಅದರ ಸ್ವಭಾವ ತಿಳಿದಿರಬೇಡವೆ? ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆಯಲ್ಲಿ ಅದಕ್ಕೆಂದು ಅನುಕರಣಯಂತ್ರವಿತ್ತು. ಪರೀಕ್ಷಾ ಚಾಲಕರು ಅದರಲ್ಲಿ ಕುಳಿತು ಮತ್ತೆ ಮತ್ತೆ ಹಾರಿ, ಇಳಿದು, ತಪ್ಪುಗಳನ್ನು ತೋರಿಸಿ, ತಿದ್ದಿಸಿದರು. ೨೦೦೧ರ ಜನವರಿ ೪ರಂದು ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲರು ಅದನ್ನು ನಿಜವಾದ ಆಕಾಶಕ್ಕೆ ಒಯ್ದಾಗ, ಆ ವಿಮಾನ ಒಂದು ಕಟ್ಟಡದೊಳಗೆ ಅನೇಕ ಸಲ ಹಾರಿಯಾಗಿತ್ತು. ಅದೇ ಊರಿನಲ್ಲಿ ೨೦೧೦ರಲ್ಲಿ ಆರಂಭವಾದ ಹೆಲಿಕಾಪ್ಟರ್ ತರಬೇತಿ ಕೇಂದ್ರ ‘ಹ್ಯಾಟ್ಸಾಫ್’ ಇನ್ನೂ ಸ್ವಾರಸ್ಯಕರ. ಅಲ್ಲಿ ಅಲುಗಾಡುವ ಪೀಠ, ನೋಟ ತೋರುವ ಪರದೆ ಒಂದೇ. ಕಾಕ್‌ಪಿಟ್ಟುಗಳು ಮಾತ್ರ ಬೇರೆ ಬೇರೆ. ‘ಧ್ರುವ’ದ ಕೋಣೆಯನ್ನು ಉರುಳಿಸಿ ಹೊರಗೆ ತೆಗೆದು ‘ಬೆಲ್ ೪೧೨’ರ ಕೋಣೆಯನ್ನು ಅದೇ ಜಾಗಕ್ಕೆ ಸೇರಿಸಬಹುದು.

ಬಿಡಿಬಿಡಿಯಾಗಿ ಮಾಡಿ ಬೇಕಾದಂತೆ ಜೋಡಿಸುವ ಈ ಉಪಾಯ ನಮ್ಮ ಜಿಲ್ಲೆಯವರಿಗೆ ಹೊಸತಲ್ಲ. ಯಕ್ಷಗಾನ ಮೇಳದ ಪೆಟ್ಟಿಗೆಯನ್ನು ನೆನೆಯಿರಿ. ಕಿರೀಟ, ಭುಜಕೀರ್ತಿ, ಎದೆಪದಕ, ಕೈಕಟ್ಟು, ಎಲ್ಲವೂ ಬಿಡಿ. ಚೌಕಿಯಲ್ಲಿ ಒಂದೊಂದನ್ನೇ ಕಟ್ಟಿದಾಗ ಅರ್ಜುನನಾಗುತ್ತಾನೆ. ಬೆಳಗಾದರೆ ಎಲ್ಲವೂ ಕಳಚಿ ಪೆಟ್ಟಿಗೆ ಸೇರುತ್ತದೆ. ರಂಗಸ್ಥಳದ ಕಂಬಗಳೂ ಮುಂದಿನ ಊರಿಗೆ ಹೊರಡುತ್ತವೆ. ಮರುದಿನ ಅದೇ ಎದೆಪದಕ ಇನ್ನೊಂದು ವೇಷದ ಮೇಲಿರುತ್ತದೆ. ಮನೆಯ ಕಾಕ್‌ಪಿಟ್ಟಿನ ಧರ್ಮವೂ ಇದೇ. ಬಾನುಲಿಯ ಫಲಕ ಒಂದು ಪೆಟ್ಟಿಗೆ, ಎಂಜಿನಿನ ವೇಗ ನಿಯಂತ್ರಿಸುವ ಸನ್ನೆಗಳು ಇನ್ನೊಂದು, ದೀಪಗಳ ಗುಂಡಿಗಳು ಮತ್ತೊಂದು. ಪ್ರತಿಯೊಂದೂ ತನ್ನಷ್ಟಕ್ಕೆ ಪೂರ್ಣ. ಪ್ರತಿಯೊಂದರಿಂದಲೂ ಒಂದೇ ತಂತಿ ಗಣಕಯಂತ್ರಕ್ಕೆ ಹೋಗುತ್ತದೆ. ಸಣ್ಣ ಸೆಸ್ನಾ ವಿಮಾನ ಬೇಕಾದರೆ ಸನ್ನೆಯ ಪೆಟ್ಟಿಗೆಯನ್ನು ಬದಲಿಸಿದರಾಯಿತು, ಬೋಯಿಂಗ್ ಬೇಕಾದರೆ ಇನ್ನೊಂದನ್ನು ಇಟ್ಟರಾಯಿತು. ಒಂದು ಕೆಟ್ಟರೆ ಉಳಿದವಕ್ಕೆ ತೊಂದರೆಯಿಲ್ಲ. ಇದು ಹವ್ಯಾಸಿಗಳು ಹುಟ್ಟಿಸಿದ ಉಪಾಯವೂ ಅಲ್ಲ. ನಿಜವಾದ ವಿಮಾನಗಳಲ್ಲಿಯೇ ಫಲಕಗಳ ಅಗಲ ೫.೭೫ ಅಂಗುಲ, ಎತ್ತರ ಒಂದು ಅಂಗುಲದ ಎಂಟರಲ್ಲಿ ಮೂರು ಭಾಗದ ಗುಣಕ ಎಂದು ನಿಯಮವಿದೆ. ಎರಡು ಕಂಬಿಗಳ ನಡುವೆ ಕೂರಿಸಿ ತಿರುಪನ್ನು ಕಾಲುಸುತ್ತು ತಿರುಗಿಸಿದರೆ ಫಲಕ ಭದ್ರವಾಗುತ್ತದೆ; ಮತ್ತೆ ಕಾಲುಸುತ್ತು ತಿರುಗಿಸಿದರೆ ಕೈಗೆ ಬರುತ್ತದೆ.

ಹಾಗಾದರೆ ಹಲಗೆಯ ಮೇಲಿನ ಗುಂಡಿಗೂ ಪರದೆಯ ಆಕಾಶಕ್ಕೂ ಸಂಬಂಧವೇನು? ಹುಡುಗ ನನಗೆ ವಿವರಿಸಿದ್ದನ್ನು ನಾನು ತಿಳಿದಷ್ಟು ಹೇಳುತ್ತೇನೆ. ಸನ್ನೆಯ ಬುಡದಲ್ಲಿ ಒಂದು ಸಣ್ಣ ತಿರುಗುವ ರೋಧಕವಿದೆ. ಹಳೆಯ ರೇಡಿಯೋಗಳಲ್ಲಿ ಧ್ವನಿ ಏರಿಸಲು ತಿರುಗಿಸುತ್ತಿದ್ದೆವಲ್ಲ, ಅದೇ. ಸನ್ನೆ ಸರಿದಂತೆ ಅದರಿಂದ ಬರುವ ವಿದ್ಯುತ್ತಿನ ಒತ್ತಡ ಸೊನ್ನೆಯಿಂದ ಐದು ವೋಲ್ಟಿನವರೆಗೆ ಏರುತ್ತದೆ. ಆರ್ಡುಯಿನೊ ಎಂಬ, ಅಂಗೈಯೊಳಗೆ ಅಡಗುವ ಹಲಗೆಯೊಂದು ಆ ಒತ್ತಡವನ್ನು ಸೊನ್ನೆಯಿಂದ ೧೦೨೩ರವರೆಗಿನ ಒಂದು ಸಂಖ್ಯೆಯಾಗಿ ಓದಿ ಗಣಕಯಂತ್ರಕ್ಕೆ ಹೇಳುತ್ತದೆ. ಇಟಲಿಯ ಇವ್ರೆಯಾ ಎಂಬ ಊರಿನ ಶಾಲೆಯೊಂದರಲ್ಲಿ, ವಿದ್ಯಾರ್ಥಿಗಳಿಗೆ ಅಗ್ಗವಾಗಿ ಸಿಗಲೆಂದು ೨೦೦೫ರಲ್ಲಿ ಮಾಡಿದ್ದು ಈ ಹಲಗೆ. ಅದರ ನಕ್ಷೆ ಯಾರ ಗುಟ್ಟೂ ಅಲ್ಲ. ಗಣಕಯಂತ್ರದೊಳಗಿನ ಕ್ರಮವಿಧಿ ರೆಕ್ಕೆಯ ಮೇಲಿನ ಗಾಳಿ, ತೂಕ, ಎಂಜಿನಿನ ಬಲ ಇವನ್ನೆಲ್ಲ ಸೆಕೆಂಡಿಗೆ ಹಲವಾರು ಬಾರಿ ಲೆಕ್ಕಹಾಕಿ, ವಿಮಾನ ಈಗೆಲ್ಲಿದೆ, ಎತ್ತ ವಾಲಿದೆ ಎಂದು ನಿರ್ಣಯಿಸುತ್ತದೆ. ಆ ಉತ್ತರ ಪರದೆಯ ಮೇಲೆ ಬೆಟ್ಟವಾಗಿಯೂ ಫಲಕದ ಮೇಲೆ ಮುಳ್ಳಿನ ಚಲನೆಯಾಗಿಯೂ ಮರಳಿಬರುತ್ತದೆ.

ಪೇಟೆಯವರು ಇಂಥ ಭಾಗಗಳನ್ನು ಸಿದ್ಧವಾಗಿಯೇ ಕೊಳ್ಳಬಹುದು. ಕಾಣಿಯೂರಿನಲ್ಲಿ ಸಿಕ್ಕಿದ್ದರಿಂದ ಮಾಡಬೇಕು. ಮೊದಲ ಚೌಕಟ್ಟು ಪ್ಲೈವುಡ್ಡಿನದು; ಒಂದೇ ಮಳೆಗಾಲಕ್ಕೆ ಉಬ್ಬಿ ಗುಂಡಿಗಳ ತೂತುಗಳು ಸರಿದವು. ಈಗಿನದು ಹಲಸಿನ ಮರದ್ದು. ಆಟಿಯಲ್ಲಿ ತೇವಕ್ಕೆ ಬೆಸುಗೆಯ ಬಾಯಿಗಳು ಹಸುರುಗಟ್ಟುತ್ತವೆಂದು ಪೆಟ್ಟಿಗೆಯೊಳಗೆ ಒಂದು ಸಣ್ಣ ಬಲ್ಬು ಉರಿಯುತ್ತಿರುತ್ತದೆ. ಹಪ್ಪಳದ ಡಬ್ಬಿಯನ್ನು ಒಲೆಯ ಬಳಿ ಇಡುವ ಉಪಾಯವೇ ಇದು. ಸಿಡಿಲಿನ ತಿಂಗಳುಗಳಲ್ಲಿ ಮೋಡ ಗುಡುಗಿದೊಡನೆ ಎಲ್ಲ ತಂತಿಗಳೂ ಕಳಚಲೇಬೇಕು. ಬಿಡಿಪೆಟ್ಟಿಗೆಗಳ ಗುಣ ಅಲ್ಲಿ ಮತ್ತೊಮ್ಮೆ ಕಾಣುತ್ತದೆ.

ಅವನ ಫಲಕದಲ್ಲಿ ನನ್ನ ಕಣ್ಣು ನಿಂತದ್ದು ಎರಡು ಹಿಡಿಗಳ ಮೇಲೆ. ಒಂದರ ತುದಿ ಪುಟ್ಟ ಚಕ್ರದಂತೆ ದುಂಡಗೆ. ಇನ್ನೊಂದರದು ರೆಕ್ಕೆಯ ತುಂಡಿನಂತೆ ಚಪ್ಪಟೆ. “ಇದೇನು ಅಲಂಕಾರವೊ?” ಎಂದೆ. “ಅಲಂಕಾರ ಅಲ್ಲ ಮಾವ, ಕಣ್ಣು ಮುಚ್ಚಿ ಮುಟ್ಟಿ ನೋಡಿ, ಯಾವುದು ಯಾವುದು ಅಂತ ನಿಮಗೇ ಗೊತ್ತಾಗ್ತದೆ” ಎಂದ. ಇದರ ಹಿಂದೆ ದೊಡ್ಡ ಕಥೆಯುಂಟು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬಿ-೧೭ ಬಾಂಬರುಗಳು ನೆಲಕ್ಕಿಳಿದು ಓಡುತ್ತಿರುವಾಗಲೇ, ಚಾಲಕರು ರೆಕ್ಕೆಯ ಮಡಿಕೆಗಳನ್ನು ಒಳಗೆಳೆಯಲು ಹೋಗಿ ಚಕ್ರಗಳನ್ನೇ ಒಳಗೆಳೆದು ವಿಮಾನವನ್ನು ಹೊಟ್ಟೆಯ ಮೇಲೆ ಬೀಳಿಸುತ್ತಿದ್ದರು. ಆಲ್ಫೋನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞ ನೋಡಿದಾಗ, ಎರಡೂ ಹಿಡಿಗಳು ಒಂದೇ ತೆರನಾಗಿ ಪಕ್ಕಪಕ್ಕದಲ್ಲಿದ್ದುವು. ಒಂದಕ್ಕೆ ಚಕ್ರದ ಆಕಾರ, ಇನ್ನೊಂದಕ್ಕೆ ರೆಕ್ಕೆಯ ಆಕಾರ ಕೊಟ್ಟ, ತಪ್ಪು ನಿಂತಿತು. ಇಂದಿಗೂ ದೊಡ್ಡ ವಿಮಾನಗಳಲ್ಲಿ ಈ ಆಕಾರಗಳೇ ಇವೆ. ಬಣ್ಣದ ಗುರುತನ್ನು ನಂಬಲಾಗದ ನಮ್ಮ ಹುಡುಗನಿಗೆ ಆಕಾರದ ಗುರುತಿನ ಬೆಲೆ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ. ಎರಡು ಹಿಡಿಗಳನ್ನೂ ಊರ ಬಡಗಿಯ ಬಳಿ ಕುಳಿತು ತಾನೇ ಕಡೆದಿದ್ದ.

ಇಷ್ಟಾದರೂ ಇದು ನಿಜವೊ ಸುಳ್ಳೊ ಎಂಬ ಪ್ರಶ್ನೆ ಉಳಿಯುತ್ತದೆ. ಕಾವ್ಯಮೀಮಾಂಸೆಯನ್ನು ಪಾಠಹೇಳಿದ ನನಗೆ ಇಲ್ಲಿ ಶಂಕುಕನ ನೆನಪಾಗುವುದು ಸಹಜ. ಭರತನ ರಸಸೂತ್ರಕ್ಕೆ ಅರ್ಥ ಹೇಳಿದವರಲ್ಲಿ ಅವನೊಬ್ಬ; ಅವನ ಗ್ರಂಥ ನಮಗೆ ದೊರೆತಿಲ್ಲ, ಅಭಿನವಗುಪ್ತನ ವ್ಯಾಖ್ಯಾನದಲ್ಲಿ ಅವನ ಮಾತು ಉಳಿದಿದೆ. ಚಿತ್ರದಲ್ಲಿ ಕುದುರೆಯನ್ನು ಕಂಡಾಗ ‘ಇದು ನಿಜವಾದ ಕುದುರೆ’ ಎಂದು ನಾವು ತಿಳಿಯುವುದಿಲ್ಲ. ‘ಕುದುರೆಯಲ್ಲ’ ಎಂದೂ ತಿಳಿಯುವುದಿಲ್ಲ. ‘ಹೌದೊ ಅಲ್ಲವೊ’ ಎಂಬ ಸಂಶಯವೂ ಇಲ್ಲ. ‘ಕುದುರೆಯಂತಿದೆ’ ಎಂಬ ಹೋಲಿಕೆಯೂ ಅಲ್ಲ. ಈ ನಾಲ್ಕಕ್ಕೂ ಬೇರೆಯಾದ ಒಂದು ಅರಿವು ಅದು; ರಂಗದ ಮೇಲಿನ ನಟನಲ್ಲಿ ರಾಮನನ್ನು ಕಾಣುವುದೂ ಹೀಗೆಯೇ ಎಂದು ಅವನ ವಾದ. ಇದೇ ಚಿತ್ರತುರಗನ್ಯಾಯ. ಅಭಿನವಗುಪ್ತನ ಗುರು ಭಟ್ಟತೌತ ಇದನ್ನು ಒಪ್ಪಲಿಲ್ಲ. ಮೂಲವನ್ನು ಕಂಡವನಿಗಲ್ಲವೆ ಅನುಕರಣವೆಂದು ತಿಳಿಯುವುದು? ರಾಮನನ್ನು ಕಂಡವರಾರು? ಎಂದು ಕೇಳಿದ. ನಾಟ್ಯದ ಮಟ್ಟಿಗೆ ಭಟ್ಟತೌತನ ಆಕ್ಷೇಪ ಬಲವಾದುದು. ಆದರೆ ವಿಮಾನದ ಅನುಕರಣದಲ್ಲಿ ಮೂಲ ಕಣ್ಣಮುಂದಿದೆ. ನಿಜವಾದ ವಿಮಾನ ಎಷ್ಟು ಹಿಡಿದೆಳೆದರೆ ಎಷ್ಟು ಏರುತ್ತದೆಂದು ಅಳೆದು, ಅನುಕರಣಯಂತ್ರವೂ ಅಷ್ಟೇ ಏರುತ್ತದೆಯೆ ಎಂದು ಹೋಲಿಸಿದ ಮೇಲೆಯೇ ಅದಕ್ಕೆ ಮನ್ನಣೆ. ಶಂಕುಕನ ಚಿತ್ರದ ಕುದುರೆಗೆ ಒಬ್ಬ ಸವಾರನೂ ದೊರೆತಂತಾಯಿತು.

ಮನ್ನಣೆಯ ಮಾತು ಬಂದುದರಿಂದ ಹೇಳಬೇಕು: ಮನೆಯ ಕಾಕ್‌ಪಿಟ್ಟಿಗೆ ಅಂಥ ಮನ್ನಣೆಯಿಲ್ಲ. ವ್ಯಾಪಾರಿ ಚಾಲಕನ ಪರವಾನಗಿಗೆ ನಮ್ಮ ದೇಶದಲ್ಲಿ ೨೦೦ ಗಂಟೆಗಳ ಹಾರಾಟ ಬೇಕು. ಮನೆಯಲ್ಲಿ ಕುಳಿತ ಗಂಟೆಗಳು ಅದಕ್ಕೆ ಸೇರುವುದಿಲ್ಲ. ದೊಡ್ಡ ಅನುಕರಣಯಂತ್ರ ಆರು ಕಾಲುಗಳ ಮೇಲೆ ನಿಂತು ಅಲುಗಾಡುತ್ತದೆ. ಕುಳಿತವನನ್ನು ಮೆಲ್ಲಗೆ ಹಿಂದಕ್ಕೆ ವಾಲಿಸಿ, ವೇಗ ಹೆಚ್ಚಿತೆಂದು ಅವನ ಮೈಯನ್ನೇ ನಂಬಿಸುತ್ತದೆ. ಮನೆಯ ಯಂತ್ರ ಕದಲುವುದಿಲ್ಲ. ಅಲ್ಲಿ ಮೈಗೆ ಭಾರವಿಲ್ಲ, ಹೊಟ್ಟೆಯಲ್ಲಿ ತಳಮಳವಿಲ್ಲ, ಹಿಂದೆ ಕುಳಿತ ನೂರಾರು ಜನರ ಹೊಣೆಯಿಲ್ಲ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಬರಿಯ ಗಣಕಯಂತ್ರದ ಮುಂದೆ ಕೀಲಿಗಳನ್ನೊತ್ತಿ ಹಾರುವುದು ತಾಳಮದ್ದಳೆ. ಕಾಕ್‌ಪಿಟ್ಟು ಕಟ್ಟಿಕೊಂಡು ಹಾರುವುದು ಬಯಲಾಟ. ಎರಡರಲ್ಲಿಯೂ ಬಾಣ ತಾಗಿ ಸತ್ತವನು ಎದ್ದು ಮನೆಗೆ ಹೋಗುತ್ತಾನೆ.

ಹಾಗೆ ಎದ್ದುಹೋಗುವುದರಲ್ಲಿಯೇ ಇದರ ಪ್ರಯೋಜನವಿದೆ ಎಂದು ನನಗೆ ತೋರಿದ್ದು ಬಜಪೆಯ ಸಂದರ್ಭದಲ್ಲಿ. ಮಂಗಳೂರಿನ ವಿಮಾನನಿಲ್ದಾಣ ೧೯೫೧ರಲ್ಲಿ ಆರಂಭವಾದುದು, ಗುಡ್ಡದ ನೆತ್ತಿಯನ್ನು ಸಮಮಾಡಿ ಕಟ್ಟಿದ್ದು. ೨೦೦೬ರಲ್ಲಿ ಬಳಕೆಗೆ ಬಂದ ಹೊಸ ಓಡುಹಾದಿಯ ಉದ್ದ ೨,೪೫೦ ಮೀಟರು, ಅದರಾಚೆ ಕಣಿವೆ. ೨೦೧೦ರ ಮೇ ೨೨ರ ಮುಂಜಾನೆ ದುಬೈಯಿಂದ ಬಂದ ವಿಮಾನ ಆ ಹಾದಿಯನ್ನು ಮೀರಿ ಕಣಿವೆಗೆ ಬಿತ್ತು. ಅದರಲ್ಲಿದ್ದ ೧೬೬ ಮಂದಿಯಲ್ಲಿ ೧೫೮ ಮಂದಿ ತೀರಿಕೊಂಡರು. ಕರಾವಳಿಯಲ್ಲಿ ಆ ದಿನವನ್ನು ಮರೆತ ಊರಿಲ್ಲ. ವಿಚಾರಣೆಯ ವರದಿ ಹೇಳುವುದಿಷ್ಟು: ವಿಮಾನ ಇರಬೇಕಾದುದಕ್ಕಿಂತ ಎತ್ತರದಲ್ಲಿತ್ತು, ವೇಗವೂ ಹೆಚ್ಚಾಗಿತ್ತು, ಓಡುಹಾದಿಯ ಮೊದಲಿನಿಂದ ಸುಮಾರು ೫,೨೦೦ ಅಡಿ ದಾಟಿದ ಮೇಲೆ ನೆಲ ಮುಟ್ಟಿತು, ಸಹಚಾಲಕರು ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಬೇಕೆಂದು ಮೂರು ಬಾರಿ ಹೇಳಿದ್ದರು.

ಕಾಣಿಯೂರಿನ ಕೋಣೆಯಲ್ಲಿ ನಮ್ಮ ಹುಡುಗ ಹೆಚ್ಚಾಗಿ ಅಭ್ಯಾಸಮಾಡುವುದು ಇದೇ ಹಾದಿಗೆ ಇಳಿಯುವುದನ್ನು. ನಾನು ಪಕ್ಕದ ಕುರ್ಚಿಯಲ್ಲಿ ಕುಳಿತು ನೋಡಿದೆ. ಮೂರು ಡಿಗ್ರಿಯ ಇಳಿಜಾರಿನಲ್ಲಿ ಬರಬೇಕು. ಹಾದಿಯ ಪಕ್ಕದಲ್ಲಿ ನಾಲ್ಕು ದೀಪಗಳು. ಎರಡು ಬಿಳಿ ಎರಡು ಕೆಂಪು ಕಂಡರೆ ಎತ್ತರ ಸರಿ, ನಾಲ್ಕೂ ಬಿಳಿಯಾದರೆ ಬಹಳ ಮೇಲಿದ್ದೇವೆ, ನಾಲ್ಕೂ ಕೆಂಪಾದರೆ ಬಹಳ ಕೆಳಗಿದ್ದೇವೆ. ಚಾಲಕನ ಕಣ್ಣಿಗೆ ಬಣ್ಣ ತಿಳಿಯಲೇಬೇಕೆಂಬ ನಿಯಮಕ್ಕೆ ಕಾರಣವೇನೆಂದು ಆ ನಾಲ್ಕು ದೀಪಗಳನ್ನು ಕಂಡವರಿಗೆ ಗೊತ್ತಾಗುತ್ತದೆ. ಅವನಿಗೂ ಗೊತ್ತಿತ್ತು. “ನನ್ನನ್ನು ಬಿಟ್ಟದ್ದು ಸರಿಯೇ ಮಾವ” ಎಂದು ಯಾವ ಕಹಿಯೂ ಇಲ್ಲದೆ ಹೇಳಿದ. ದೀಪಗಳ ಬದಲು ಎತ್ತರದ ಮುಳ್ಳನ್ನೂ ದೂರದ ಅಂಕಿಯನ್ನೂ ಗುಣಿಸಿ ನೋಡುತ್ತ ಇಳಿಯುತ್ತಿದ್ದ. ಒಂದು ಮೈಲಿಗೆ ಮುನ್ನೂರು ಅಡಿ ಎಂಬುದು ಅವನ ಲೆಕ್ಕ. ಹಾದಿ ಹತ್ತಿರ ಬಂತು. ನನಗೆ ಎಲ್ಲವೂ ಸರಿಯಾಗಿಯೇ ಕಂಡಿತು. ಅವನು ಸನ್ನೆಗಳನ್ನು ಮುಂದಕ್ಕೆ ನೂಕಿ ಮೂತಿಯನ್ನೆತ್ತಿ ಮೇಲೇರಿಬಿಟ್ಟ. “ಯಾಕೆ?” ಎಂದೆ. “ವೇಗ ಸ್ವಲ್ಪ ಜಾಸ್ತಿ ಇತ್ತು. ಇಳಿಸಬಹುದಿತ್ತು. ಇಳಿಸಬಹುದು ಅಂತ ಅನಿಸುವಾಗಲೇ ಬಿಡ್ಲಿಕ್ಕೆ ಕಲೀಬೇಕು” ಎಂದ.

ಅವನ ತಂದೆಯ ಮಾತಿಗೆ ಇದು ಉತ್ತರವಾಯಿತೆ? ಪೂರ್ತಿಯಾಗಿ ಆಯಿತೆನ್ನಲಾರೆ. ಮಗ ಚಾಲಕನಾಗಲಿಲ್ಲ, ಆಗುವುದೂ ಇಲ್ಲ. ಖರ್ಚಾದ ಹಣ, ನಿದ್ದೆಗೆಟ್ಟ ರಾತ್ರಿಗಳು ನಿಜ. ಆ ಮಾತಿನ ಹಿಂದೆ ಇದ್ದುದು ಜಿಪುಣತನವಲ್ಲ, ಮಗನ ಬದುಕಿನ ಕಾಳಜಿ. ಆದರೆ ಅಡಕೆಯ ಕೋಣೆಯೊಳಗೆ ನಡೆಯುತ್ತಿರುವುದು ಆಗದ್ದರ ಹಿಂದೆ ಓಡುವ ಹುಚ್ಚಲ್ಲ. ಆಗದೆಂಬುದನ್ನು ಒಪ್ಪಿಕೊಂಡೇ, ತಾನು ಪ್ರೀತಿಸಿದ ವಿದ್ಯೆಯಲ್ಲಿ ತನಗೆ ದಕ್ಕುವ ಭಾಗವಾವುದು ಎಂದು ಹುಡುಕುವ ಕೆಲಸ. ಹವ್ಯಾಸವೆಂಬ ಶಬ್ದವನ್ನು ನಾವು ಹಗುರವಾಗಿ ಬಳಸುತ್ತೇವೆ. ಪುತ್ತೂರಿನ ಬಾಲವನದಲ್ಲಿದ್ದ ಶಿವರಾಮ ಕಾರಂತರು ಮೂಕಿಚಿತ್ರ ತೆಗೆದರು, ಮಕ್ಕಳಿಗಾಗಿ ‘ಬಾಲಪ್ರಪಂಚ’ ಬರೆದರು, ಮುದ್ರಣದ ಕೆಲಸಕ್ಕೂ ಕೈಹಚ್ಚಿದರು. ಇದರಲ್ಲಿ ಯಾವುದು ಉದ್ಯೋಗ, ಯಾವುದು ಹವ್ಯಾಸ ಎಂದು ಗೆರೆ ಎಳೆಯುವುದು ಯಾರಿಗೂ ಸುಲಭವಲ್ಲ. ತಿಳಿಯಬೇಕಾದ್ದನ್ನು ಕೈಯಿಂದ ಮಾಡಿ ತಿಳಿಯುವ ಒಂದು ಪರಂಪರೆ ಈ ಸೀಮೆಗೆ ಇದೆ ಎಂದಷ್ಟೇ ಹೇಳಬಹುದು.

ಈಗ ಕಾಣಿಯೂರಿನ ಸುತ್ತಿನ ಶಾಲೆಗಳ ನಾಲ್ಕಾರು ಮಕ್ಕಳು ರಜೆಯಲ್ಲಿ ಅಲ್ಲಿಗೆ ಬರುತ್ತಾರೆ. ಮೊದಲು ಬೆಸುಗೆ ಹಾಕಲು ಕಲಿಯಬೇಕು, ಒಂದು ಬಿಡಿಪೆಟ್ಟಿಗೆ ಮಾಡಿ ಮುಗಿಸಬೇಕು, ಆಮೇಲೆ ಕುರ್ಚಿ ಎಂಬುದು ಅಲ್ಲಿಯ ಕಟ್ಟಳೆ. ಅವರಲ್ಲಿ ಒಬ್ಬಳಿಗೆ ಚಾಲಕಳಾಗುವ ಮನಸ್ಸಿದೆ. ಅವಳ ಕಣ್ಣಿನ ಪರೀಕ್ಷೆಯನ್ನು ಎಲ್ಲಕ್ಕಿಂತ ಮೊದಲು ಮಾಡಿಸಿರೆಂದು ಅವಳ ಮನೆಯವರಿಗೆ ಹೇಳಿ, ಮಂಗಳೂರಿಗೆ ಜೊತೆಯಲ್ಲಿ ಹೋಗಿ ಬಂದವನೂ ಈ ಹುಡುಗನೇ. ಅವಳಿಗೆ ನಾಲ್ಕು ದೀಪಗಳೂ ಸರಿಯಾಗಿ ಕಾಣುತ್ತವೆ.

(ಬಾನುಲಿ ಭಾಷಣ, ಆಕಾಶವಾಣಿಯ ಕೃಪೆ)